ಹಳೆಯ ಕಾರಿನ ಧ್ವನಿವ್ಯವಸ್ಥೆ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ

ಕಾರಿನೊಳಗೆ ಹಾಡು, ವಾರ್ತೆ, ಮಾತು ಕೇಳಲು ಜೋಡಿಸಿದ ಉಪಕರಣಗಳ ಒಟ್ಟು ಹೆಸರು ಧ್ವನಿವ್ಯವಸ್ಥೆ. ಹಾಡನ್ನು ವಿದ್ಯುತ್ ಸಂಕೇತವಾಗಿಸುವ ಡೆಕ್, ಸಂಕೇತಕ್ಕೆ ಬಲ ತುಂಬುವ ಆಂಪ್ಲಿಫೈಯರ್, ಆ ಬಲದಿಂದ ಗಾಳಿಯನ್ನು ಅಲುಗಿಸುವ ಸ್ಪೀಕರ್ ಮತ್ತು ಇವನ್ನೆಲ್ಲ ಕೂಡಿಸುವ ತಂತಿಗಳು ಇದರ ಅಂಗಗಳು. ಆಡುಮಾತಿನಲ್ಲಿ ಇಷ್ಟಕ್ಕೂ ‘ಟೇಪು’ ಎಂದೇ ಹೆಸರು. ಕ್ಯಾಸೆಟ್ ಹೋಗಿ ಎಷ್ಟು ಕಾಲವಾದರೂ ಹಳಿಯಾಳದ ಕಡೆ ‘ಗಾಡ್ಯಾಗ ಟೇಪ್ ಐತೇನು?’ ಎಂದು ಕೇಳುವವರು ಇದ್ದಾರೆ. ಖಾಸಗಿ ಕಾರಿನ ನೋಂದಣಿ ಮೊದಲ ಸಲ 15 ವರ್ಷಕ್ಕೆ ಸಿಗುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಗಡಿಯ ಆಚೀಚೆ ಇರುವ ಗಾಡಿಗಳನ್ನು ಈ ಲೇಖನದಲ್ಲಿ ಹಳೆಯ ಕಾರು ಎಂದು ಕರೆದಿದೆ. ಮಾರಿದರೆ ಬರುವ ಬೆಲೆ ಕಡಿಮೆ, ಓಡಿಸಿದರೆ ಇನ್ನೂ ಹತ್ತು ವರ್ಷ ಓಡೀತು. ಇಂಥ ಗಾಡಿಗೆ ಎಷ್ಟು ಖರ್ಚು ಮಾಡಬಹುದು, ಯಾವುದನ್ನು ಮೊದಲು ಮಾಡಬೇಕು ಎಂಬುದು ಇಲ್ಲಿನ ವಿಷಯ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ನೋಡುವುದಕ್ಕೆ ಕಾರಣವಿದೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಸುತ್ತ ಬೆಳೆದ ದಾಂಡೇಲಿ ಇತ್ತೀಚಿನವರೆಗೂ ಹಳಿಯಾಳ ತಾಲ್ಲೂಕಿನಲ್ಲೇ ಇತ್ತು. ಈಗ ತಾಲ್ಲೂಕು ಬೇರೆಯಾಗಿದೆ, ಕೆಎ 65 ಎಂಬ ನೋಂದಣಿ ಸಂಖ್ಯೆಯೂ ಅದರದೇ. ಜೋಯಿಡಾದ ಹಿಂದಿನ ಹೆಸರು ಸೂಪಾ. ಆ ಹೆಸರಿನ ಪಟ್ಟಣ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಹಳಿಯಾಳ, ಮುಂಡಗೋಡಗಳು ಅರೆಮಲೆನಾಡು. ಭತ್ತ, ಗೋವಿನಜೋಳ, ಕಬ್ಬಿನ ಸೀಮೆ. ಧಾರವಾಡ, ಹುಬ್ಬಳ್ಳಿಗಳೇ ಅವುಗಳ ಪೇಟೆ. ಜೋಯಿಡಾ ದಟ್ಟ ಕಾಡು, ಭಾರೀ ಮಳೆ, ಒಂದು ಕಡೆ ಗೋವಾದ ಗಡಿ. ಹೀಗಾಗಿ ಒಂದೇ ಮಾದರಿಯ ಕಾರು, ಒಂದೇ ಅಂಗಡಿಯ ಸ್ಪೀಕರ್ ಆದರೂ ಮುಂಡಗೋಡದಲ್ಲಿ ಬಾಳಿದಷ್ಟು ಜೋಯಿಡಾದ ಅಣಶಿಯಲ್ಲಿ ಬಾಳುವುದಿಲ್ಲ. ಕಾರ್ ಆಡಿಯೊ ಕುರಿತ ಬರಹಗಳೆಲ್ಲ ಊರು ಯಾವುದಾದರೂ ಒಂದೇ ಎಂಬಂತೆ ವ್ಯಾಟ್ ಲೆಕ್ಕದಿಂದ ಶುರುವಾಗುತ್ತವೆ. ಇಲ್ಲಿ ಮಾತ್ರ ಮಳೆ, ರಸ್ತೆ, ನೆಟ್‌ವರ್ಕ್ ಈ ಮೂರರ ಲೆಕ್ಕ ಮೊದಲು, ವ್ಯಾಟು ನಾಲ್ಕನೆಯದು.

ಹಿನ್ನೆಲೆ

ಮಾರಾಟದಲ್ಲಿ ಗೆದ್ದ ಮೊದಲ ಕಾರ್ ರೇಡಿಯೊ 1930ರಲ್ಲಿ ಅಮೆರಿಕದ ಗಾಲ್ವಿನ್ ಸಹೋದರರದು. ಅದಕ್ಕೆ ಅವರಿಟ್ಟ ಹೆಸರು ಮೊಟೊರೋಲಾ. ಮುಂದೆ ಕಂಪನಿಗೂ ಅದೇ ಹೆಸರಾಯಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಬರ್ಲಿನ್ ಪ್ರದರ್ಶನದಲ್ಲಿ ಹೊರತಂದ ಮೇಲೆ ಕೇಳುವವರು ತಮಗೆ ಬೇಕಾದ ಹಾಡನ್ನು ಗಾಡಿಯಲ್ಲಿ ಒಯ್ಯುವುದು ಸುಲಭವಾಯಿತು. ನಮ್ಮ ಕಡೆ ಈ ಬದಲಾವಣೆಯ ಬಿಸಿ ತಟ್ಟಿದ್ದು 1980ರ ದಶಕದಲ್ಲಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು, ಮರುವರ್ಷ ಮುಂದೆ ಓಮ್ನಿ ಎನಿಸಿಕೊಂಡ ವ್ಯಾನ್ ಬಂತು. ಅದೇ ಹೊತ್ತಿಗೆ ಸಂಗೀತಾ, ಲಹರಿ ಮುಂತಾದವರ ಕ್ಯಾಸೆಟ್ಟುಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳನ್ನೂ ತುಂಬಿದವು. ದಾಸವಾಣಿ, ಯಕ್ಷಗಾನದ ಪ್ರಸಂಗ, ಚಿತ್ರಗೀತೆ, ಮರಾಠಿ ಅಭಂಗ ಎಲ್ಲವೂ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದರ ಮೇಲೊಂದು ಕೂತು ಬಿಸಿಲಿಗೆ ಬಾಗಿದವು. ಸಿ.ಡಿ. ಬಂದು ಹೋದದ್ದು ಬೇಗ. 2000ದ ದಶಕದ ಕೊನೆಗೆ ಪೆನ್‌ಡ್ರೈವ್ ಚುಚ್ಚುವ ತೂತು ಅಗ್ಗದ ಡೆಕ್ಕಿಗೂ ಬಂತು, ಆಮೇಲೆ ಬ್ಲೂಟೂತ್ ಬಂತು.

ಹಳೆಯ ಕಾರಿನ ಒಡೆಯನಿಗೆ ಈ ಚರಿತ್ರೆಯಲ್ಲಿ ನಿಜಕ್ಕೂ ಉಪಕಾರ ಮಾಡಿದ್ದು ಜರ್ಮನಿಯ ಒಂದು ಅಳತೆಪಟ್ಟಿ. ಡೆಕ್ ಕೂರುವ ಗೂಡು 182 ಮಿ.ಮೀ. ಅಗಲ, 53 ಮಿ.ಮೀ. ಎತ್ತರ ಇರಬೇಕೆಂದು ಅದು ಗೊತ್ತುಮಾಡಿತು. ಮುಂದೆ ಲೋಕವೇ ಒಪ್ಪಿಕೊಂಡ ಈ ಅಳತೆಗೆ ಸಿಂಗಲ್ ಡಿನ್ ಎಂದು ಹೆಸರು. ಎತ್ತರ ಇದರ ಎರಡು ಪಟ್ಟಾದರೆ ಡಬಲ್ ಡಿನ್. ಹೀಗಾಗಿ 1990ರ ದಶಕದ ಕಾರಿನಿಂದ ಕ್ಯಾಸೆಟ್ ಡೆಕ್ ಕಿತ್ತು ಈ ವರ್ಷದ ಬ್ಲೂಟೂತ್ ಡೆಕ್ ಕೂರಿಸಲು ಡ್ಯಾಶ್‌ಬೋರ್ಡ್ ಕೊಯ್ಯಬೇಕಿಲ್ಲ. ಆಂಡ್ರಾಯ್ಡ್ ಪರದೆಯ ಆಸೆಗೆ ಸಿಂಗಲ್ ಡಿನ್ ಗೂಡನ್ನು ಬ್ಲೇಡಿನಲ್ಲಿ ಕೊಯ್ದು ದೊಡ್ಡದು ಮಾಡಿಸುವವರಿದ್ದಾರೆ. ಹಳೆಯ ಪ್ಲಾಸ್ಟಿಕ್ ಕೊಯ್ದ ಜಾಗದಿಂದಲೇ ಸೀಳಲು ಶುರುವಾಗಿ ಗುಂಡಿ ಬಿದ್ದ ರಸ್ತೆಯಲ್ಲಿ ಕಿರಿಕಿರಿ ಎನ್ನುತ್ತದೆ. ಆ ಸದ್ದನ್ನು ಯಾವ ಸ್ಪೀಕರೂ ಮುಚ್ಚಲಾರದು.

ಮಳೆ, ರಸ್ತೆ, ನೆಟ್‌ವರ್ಕ್

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವನು ಫೋನಿನಿಂದ ಹಾಡು ಹರಿಸುವ ಡೆಕ್ಕನ್ನು ಹೊಗಳುತ್ತಾನೆ. ಅವನ ಊರಿಗೆ ಅದು ಸರಿ. ಗಣೇಶಗುಡಿ ದಾಟಿ ಜೋಯಿಡಾ, ಅಣಶಿಯ ಕಡೆ ಹೊರಟರೆ ಕಾಡಿನ ಉದ್ದುದ್ದ ಭಾಗಗಳಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ, ಹಾಡು ಪಲ್ಲವಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಪೆನ್‌ಡ್ರೈವ್ ಹಳತಾಗಿಲ್ಲ. ಸೆಕೆಂಡಿಗೆ 320 ಕಿಲೋಬಿಟ್ ಗುಣಮಟ್ಟದ ಎಂಪಿ3 ನಿಮಿಷಕ್ಕೆ 2.4 ಎಂ.ಬಿ. ಜಾಗ ತಿನ್ನುತ್ತದೆ, 16 ಜಿ.ಬಿ.ಯ ಪೆನ್‌ಡ್ರೈವಿನಲ್ಲಿ 110 ಗಂಟೆಯ ಹಾಡು ಹಿಡಿಯುತ್ತದೆ. ಹಳೆಯ ಡೆಕ್ಕುಗಳಲ್ಲಿ ಹಲವು ಫ್ಯಾಟ್ 32 ಎಂಬ ವಿನ್ಯಾಸದಲ್ಲಿ ಬರೆದ ಪೆನ್‌ಡ್ರೈವನ್ನು ಮಾತ್ರ ಓದುತ್ತವೆ. 64 ಜಿ.ಬಿ.ಯದನ್ನು ತಂದು ಚುಚ್ಚಿ ‘ಡೆಕ್ ಹೋಗೇತಿ’ ಎಂದು ತೀರ್ಮಾನಿಸುವ ಮೊದಲು ಇದನ್ನು ನೋಡಿಕೊಳ್ಳಬೇಕು.

ರೇಡಿಯೊ ಕಥೆಯೂ ಹಾಗೆಯೇ. ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರು. ಅದು ನೇರ ನೋಟದಲ್ಲಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಕೆಡುತ್ತದೆ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ 765 ಕಿಲೋಹರ್ಟ್ಸ್. ಅಲೆಯ ಉದ್ದ 392 ಮೀಟರು. ಇಷ್ಟು ಉದ್ದದ ಅಲೆ ನೆಲವನ್ನು ತಬ್ಬಿಕೊಂಡು ಗುಡ್ಡದ ಬೆನ್ನು ಬಳಸಿ ಇಳಿಯುತ್ತದೆ. ಈಗಿನ ಅಗ್ಗದ ಡೆಕ್ಕುಗಳು ಎ.ಎಂ. ಪಟ್ಟಿಯನ್ನೇ ಬಿಟ್ಟಿವೆ. ಧಾರವಾಡ ಕೇಂದ್ರದ ಸಂಗೀತವನ್ನೋ ಕೃಷಿರಂಗವನ್ನೋ ಗಾಡಿಯಲ್ಲಿ ಕೇಳುವ ರೂಢಿಯಿದ್ದವರು ಕೊಳ್ಳುವ ಮೊದಲು ಎ.ಎಂ. ಇದೆಯೇ ಎಂದು ಕೇಳುವುದು ಒಳ್ಳೆಯದು. ಇರುವ ರೇಡಿಯೊ ಗೊರಗೊರ ಎನ್ನುತ್ತಿದ್ದರೆ ಡೆಕ್ಕಿಗಿಂತ ಮೊದಲು ಅನುಮಾನಿಸಬೇಕಾದದ್ದು ಏರಿಯಲ್ ಕಡ್ಡಿಯ ಬುಡವನ್ನು. ಮಳೆನೀರು ಇಳಿದು ಅಲ್ಲಿನ ತಗಡು ತುಕ್ಕು ಹಿಡಿದರೆ ಅರ್ಥ್ ಕಡಿಯುತ್ತದೆ. ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಸಾಕು, ಖರ್ಚು ಇಲ್ಲವೆಂದೇ ಹೇಳಬಹುದು.

ಮಳೆಯ ಕೆಲಸ ಇನ್ನೂ ಒಳಗಿನದು. ಸ್ಪೀಕರಿನ ಶಂಕುವನ್ನು ಚೌಕಟ್ಟಿಗೆ ಹಿಡಿದಿರುವ ಮೆತ್ತನೆಯ ಅಂಚು ಹಳೆಯ ಸ್ಪೀಕರುಗಳಲ್ಲಿ ಸ್ಪಂಜಿನದಾಗಿರುವುದುಂಟು. ಗಾಳಿಯ ತೇವಕ್ಕೆ ಆ ಸ್ಪಂಜು ಒಳಗೊಳಗೇ ಕರಗಿ, ಬೆರಳಿಟ್ಟರೆ ಹಳೆಯ ಹಪ್ಪಳದಂತೆ ಪುಡಿಯಾಗುತ್ತದೆ. ಕಾಗದದ ಶಂಕು ತೇವ ಕುಡಿದು ಭಾರವಾಗುತ್ತದೆ, ಬೂಷ್ಟು ಹಿಡಿಯುತ್ತದೆ. ‘ಸೌಂಡ್ ಒಡೀತೈತಿ’ ಎಂಬ ದೂರಿನ ಮೂಲ ಹಲವು ಸಲ ಇದೇ. ಜೋಯಿಡಾ, ದಾಂಡೇಲಿಯ ಕಡೆಯವರು ರಬ್ಬರ್ ಅಂಚಿನ, ಪ್ಲಾಸ್ಟಿಕ್ ಶಂಕುವಿನ ಸ್ಪೀಕರನ್ನೇ ಆರಿಸುವುದು ವಾಸಿ. ಕಾಗದದ ಶಂಕುವಿನ ನಾದ ಹೆಚ್ಚು ಸಹಜ ಎನ್ನುವ ರಸಿಕರಿದ್ದಾರೆ. ಅವರ ಮಾತು ಸುಳ್ಳಲ್ಲ, ಆದರೆ ಆ ಮಾತು ಒಣ ಊರಿನದು.

ದುಡ್ಡು ಎಲ್ಲಿಂದ ಶುರುವಾಗಬೇಕು

ರೂಢಿಯಲ್ಲಿ ಜನ ಮೊದಲು ಡೆಕ್ ಬದಲಿಸುತ್ತಾರೆ, ಆಮೇಲೆ ವೂಫರ್ ಹಾಕಿಸುತ್ತಾರೆ, ದುಡ್ಡು ಉಳಿದರೆ ಬಾಗಿಲಿನ ಸ್ಪೀಕರ್ ನೋಡುತ್ತಾರೆ. ಹಳೆಯ ಗಾಡಿಗೆ ಈ ಕ್ರಮ ತಲೆಕೆಳಗು. ಕಡಿಮೆ ದುಡ್ಡಿನಲ್ಲಿ ಹೆಚ್ಚು ಫಲ ಕೊಡುವುದು ಬಾಗಿಲು, ಆಮೇಲೆ ಬಾಗಿಲಿನ ಸ್ಪೀಕರ್, ಆಮೇಲೆ ತಂತಿ. ಡೆಕ್ ಕೊನೆಗೆ ಬಂದರೂ ನಡೆಯುತ್ತದೆ.

ಮಾರುತಿ 800ರದು ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 75 ಸಲ ಸಿಡಿಯುತ್ತದೆ. ನಾಲ್ಕು ಸಿಲಿಂಡರಿನ ಗಾಡಿ ಅದೇ ವೇಗದಲ್ಲಿ 100 ಸಲ. ತಬಲಾದ ಎಡ, ಡೋಲಕ್ಕಿನ ದಪ್ಪ ಮುಖ, ಗಂಡುದನಿಯ ಕೆಳಸ್ಥಾಯಿ ಇವೆಲ್ಲ ಇರುವುದು ಈ 75ರಿಂದ 150 ಹರ್ಟ್ಸಿನ ಆಸುಪಾಸಿನಲ್ಲೇ. ಅಂದರೆ ಎಂಜಿನ್ನಿನ ಗುಂಯ್‌ಕಾರ ಹಾಡಿನ ಬುಡವನ್ನೇ ತಿನ್ನುತ್ತದೆ. ಕೇಳುವವನು ‘ಬೇಸ್ ಇಲ್ಲ’ ಎಂದು ಗುಂಡಿ ತಿರುಗಿಸುತ್ತಾನೆ, ಸಣ್ಣ ಸ್ಪೀಕರು ತಾಳಲಾರದೆ ಒಡಕು ದನಿ ಹೊರಡಿಸುತ್ತದೆ. ಬಾಗಿಲಿನ ಸುತ್ತಲ ಸವೆದ ಬೀಡಿಂಗ್ ರಬ್ಬರನ್ನು ಬದಲಿಸಿ, ಬಾಗಿಲಿನ ತಗಡಿನ ಒಳಮೈಗೆ ಬ್ಯೂಟೈಲ್ ಹಾಳೆ ಅಂಟಿಸಿದರೆ ಹೊರಗಿನ ಸದ್ದು ಇಳಿಯುತ್ತದೆ, ತಗಡು ನಡುಗುವುದು ನಿಲ್ಲುತ್ತದೆ, ಇದ್ದ ಸ್ಪೀಕರಿನಲ್ಲೇ ಹಾಡಿಗೆ ಮೈ ಬರುತ್ತದೆ. ಮನೆಯ ತಾರಸಿಗೆ ಹಾಕುವ ಡಾಂಬರಿನ ಹಾಳೆ ಅಗ್ಗ, ಆದರೆ ಏಪ್ರಿಲಿನ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ವಾಸನೆಯೂ ಹೋಗದು.

ಬಾಗಿಲು ಬಿಚ್ಚುವಾಗ ಕೆಲಸಗಾರರು ಹೆಚ್ಚಾಗಿ ಹರಿದು ಬಿಸಾಡುವ ಒಂದು ವಸ್ತುವಿದೆ: ಒಳಹೊದಿಕೆಯ ಹಿಂದಿನ ಪ್ಲಾಸ್ಟಿಕ್ ಹಾಳೆ. ಗಾಜಿನ ಸಂದಿಯಿಂದ ಇಳಿಯುವ ಮಳೆನೀರು ಬಾಗಿಲಿನ ಹೊಟ್ಟೆಯೊಳಗೇ ಹರಿದು ಅಡಿಯ ತೂತುಗಳಿಂದ ಹೊರಹೋಗುವುದು ಕಾರಿನ ವಿನ್ಯಾಸ. ಆ ನೀರು ಹೊದಿಕೆಗೂ ಕಾಲಡಿಯ ಕಾರ್ಪೆಟ್ಟಿಗೂ ತಲುಪದಂತೆ ತಡೆಯುವುದು ಈ ಹಾಳೆ. ಅದನ್ನು ಮತ್ತೆ ಅಂಟಿಸಬೇಕು, ಅಡಿಯ ತೂತುಗಳನ್ನು ಬ್ಯೂಟೈಲಿನಿಂದ ಮುಚ್ಚಬಾರದು, ಸ್ಪೀಕರಿನ ಬೆನ್ನಿಗೆ ಮೇಲಿನಿಂದ ಸೂರಿನಂತೆ ಒಂದು ತುಂಡು ಪ್ಲಾಸ್ಟಿಕ್ ಇಳಿಬಿಡಬೇಕು. ಇಷ್ಟು ಮಾಡದೆ ಹಾಕಿಸಿದ ಸ್ಪೀಕರು ಜೋಯಿಡಾದ ಒಂದು ಮಳೆಗಾಲ ಕಳೆದರೆ ಅದು ಸ್ಪೀಕರಿನ ಪುಣ್ಯ.

ಸ್ಪೀಕರು ಆರಿಸುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ಬಿಟ್ಟು ಸಣ್ಣ ಅಕ್ಷರದ ‘ಸೆನ್ಸಿಟಿವಿಟಿ’ ಓದಬೇಕು. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದರ ಅಳತೆ ಅದು. 88 ಡೆಸಿಬೆಲಿನ ಸ್ಪೀಕರಿಗಿಂತ 91ರದು ಮೂರೇ ಮೂರು ಹೆಚ್ಚು. ಆದರೆ 88ರದರಿಂದ ಅಷ್ಟೇ ಸದ್ದು ತೆಗೆಯಲು ಎರಡು ಪಟ್ಟು ವ್ಯಾಟ್ ಬೇಕು. ಹೊರಗಿನ ಆಂಪ್ ಇಲ್ಲದೆ ಡೆಕ್ಕಿನ ಬಲದಲ್ಲೇ ಓಡಿಸುವವರಿಗೆ ಈ ಮೂರು ಡೆಸಿಬೆಲ್ ಪುಕ್ಕಟೆ ಸಿಕ್ಕ ಆಂಪು. ಹೆಸರಿರುವ ಕಂಪನಿಯ ಎರಡು ದಾರಿಯ ಸ್ಪೀಕರು ಜೋಡಿ ಒಂದು ಸಾಕು. ನಾಲ್ಕು ಹೆಸರಿಲ್ಲದವಕ್ಕಿಂತ ಅದೇ ಮೇಲು.

ಡೆಕ್ಕಿನ ಮೂತಿಯ ಮೇಲೆ ಬರೆದಿರುವ ‘50 ವ್ಯಾಟ್ × 4’ ಎಂಬ ಮಾತಿಗೂ ಒಂದು ಸರಳ ಗಣಿತ ಉತ್ತರ ಹೇಳುತ್ತದೆ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ 14.4ರ ಹತ್ತಿರ, ಸ್ಪೀಕರಿನ ತಡೆ 4 ಓಮ್. ವೋಲ್ಟೇಜಿನ ವರ್ಗವನ್ನು ತಡೆಯ ಎರಡರಷ್ಟರಿಂದ ಭಾಗಿಸಿದರೆ 26 ವ್ಯಾಟ್ ಬರುತ್ತದೆ. ಡೆಕ್ಕಿನ ಸಣ್ಣ ಚಿಪ್ಪು ದೋಷವಿಲ್ಲದ ದನಿಯನ್ನು ಇದಕ್ಕಿಂತ ಹೆಚ್ಚು ಕೊಡಲಾರದು, ಒಳಗಿನ ನಷ್ಟ ಕಳೆದರೆ ಉಳಿಯುವುದು 20ರ ಆಸುಪಾಸು. 50 ಎಂಬುದು ದನಿ ಪೂರ್ತಿ ಒಡೆದು ಚೂರಾದಾಗಿನ ಅಂಕಿ. ಹಳೆಯ ಕಾರಿನ ಸಣ್ಣ ಒಡಲಿಗೆ 20 ವ್ಯಾಟ್ ಸಾಕು ಎಂಬುದು ಈ ಲೇಖಕನ ಅನುಭವ. ಎರಡು ಜೋಡಿ ಸ್ಪೀಕರನ್ನು ಒಂದೇ ತಂತಿಗೆ ಸಮಾಂತರವಾಗಿ ಕಟ್ಟುವ ಜಾಣತನ ಮಾತ್ರ ಬೇಡ. ನಾಲ್ಕು ಓಮ್ ಎರಡಾಗುತ್ತದೆ, ಚಿಪ್ಪು ಕಾದು ಸುಡುತ್ತದೆ. ಮನೆಯ 8 ಓಮಿನ ಸ್ಪೀಕರು ಕಟ್ಟಿದರೆ ಅಪಾಯವಿಲ್ಲ, ಬಲ ಅರ್ಧವಾಗುತ್ತದೆ ಅಷ್ಟೆ.

ದುಡ್ಡೇ ಇಲ್ಲದಾಗ ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರ ಸಿಗರೇಟ್ ಲೈಟರಿನ ತೂತಿಗೆ ಚುಚ್ಚುವ ಎಫ್.ಎಂ. ಟ್ರಾನ್ಸ್‌ಮಿಟರು. ಪೆನ್‌ಡ್ರೈವಿನ ಹಾಡನ್ನು ಅದು ಖಾಲಿ ಇರುವ ಎಫ್.ಎಂ. ಜಾಗದಲ್ಲಿ ಬಿತ್ತರಿಸುತ್ತದೆ, ಹಳೆಯ ಡೆಕ್ಕಿನ ರೇಡಿಯೊ ಹಿಡಿಯುತ್ತದೆ. ನಗರಗಳಲ್ಲಿ ಖಾಲಿ ಜಾಗ ಹುಡುಕುವುದೇ ಕಷ್ಟ. ಕಾಡಿನ ದಾರಿಯಲ್ಲಿ ಎಫ್.ಎಂ. ಪಟ್ಟಿ ಬಹುಪಾಲು ಮೌನವಾಗಿರುವುದರಿಂದ ಈ ಬಡವನ ಯಂತ್ರ ಹುಬ್ಬಳ್ಳಿಗಿಂತ ಜೋಯಿಡಾದಲ್ಲೇ ಚೆನ್ನಾಗಿ ಹಾಡುತ್ತದೆ.

ತಂತಿ

ಇಡೀ ಕೆಲಸದಲ್ಲಿ ಕಣ್ಣಿಗೆ ಕಾಣದ, ಹಾಗಾಗಿ ದುಡ್ಡು ಸಿಗದ ಭಾಗ ಇದು. ಕಾರು ಸುಡುವುದೂ ಇಲ್ಲಿಂದಲೇ.

ಹೊಸ ಡೆಕ್ಕಿನ ಹಿಂದಿನ ತಂತಿಗಳ ಬಣ್ಣಕ್ಕೆ ಒಂದು ರೂಢಿಯಿದೆ. ಹಳದಿ ಬ್ಯಾಟರಿಯಿಂದ ಸದಾ ಬರುವ ಕರೆಂಟು. ಗಡಿಯಾರ, ಉಳಿಸಿಟ್ಟ ಸ್ಟೇಷನ್ನುಗಳ ನೆನಪು ಅದರ ಮೇಲೆ ನಿಂತಿರುತ್ತದೆ. ಕೆಂಪು ಕೀಲಿ ತಿರುಗಿಸಿದಾಗ ಬರುವುದು, ಕಪ್ಪು ಅರ್ಥ್. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕಪ್ಪು ಗೆರೆಯಿದ್ದರೆ ಮೈನಸ್. ಹಳದಿ, ಕೆಂಪು ಅದಲುಬದಲಾದರೆ ಗಾಡಿ ನಿಲ್ಲಿಸಿದಾಗಲೆಲ್ಲ ಡೆಕ್ಕು ಎಲ್ಲವನ್ನೂ ಮರೆಯುತ್ತದೆ. ಎರಡನ್ನೂ ಕೂಡಿಸಿ ಹಳದಿಗೇ ಕಟ್ಟಿದರೆ ಬ್ಯಾಟರಿ ಮೆಲ್ಲಗೆ ಬರಿದಾಗುತ್ತದೆ. ಕಾರಿನ ಮೂಲ ತಂತಿಯನ್ನು ಕತ್ತರಿಸದೆ ಆ ಮಾದರಿಗೆ ಸಿಗುವ ಕಪ್ಲರ್ ಕೊಂಡು ಚುಚ್ಚಿಸುವುದು ಕೆಲವೇ ನೂರು ರೂಪಾಯಿಯ ಮಾತು. ಕತ್ತರಿಸಿ, ಹೊಸೆದು, ಕಪ್ಪು ಟೇಪು ಸುತ್ತಿದ ಗಂಟು ಮೂರನೆಯ ಬೇಸಿಗೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಆಂಪ್ ಹಾಕಿಸುವವರು ದಪ್ಪ ತಂತಿಗೆ ಜಿಪುಣತನ ಮಾಡಬಾರದು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಸುಮಾರು 5 ಮೀಟರು, ಆಂಪ್ ಎಳೆಯುವುದು 20 ಆಂಪಿಯರ್ ಎಂದಿಟ್ಟುಕೊಳ್ಳೋಣ. ಮನೆಯ ವೈರಿಂಗಿನ 1.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ದಾರಿಯಲ್ಲೇ ಸುಮಾರು 1.2 ವೋಲ್ಟ್ ಸೋರಿಹೋಗುತ್ತದೆ, ತಂತಿ ಬಿಸಿಯಾಗುತ್ತದೆ. ಎಂಟು ಗೇಜಿನ ತಾಮ್ರದಲ್ಲಿ ಸೋರುವುದು 0.2 ವೋಲ್ಟ್. ಆಂಪಿನ ಜೊತೆ ಕಿಟ್ ಎಂದು ಮಾರುವ ಹಲವು ತಂತಿಗಳು ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಅಲ್ಯೂಮಿನಿಯಂ ತಾಮ್ರದ ಶೇ. 60ರಷ್ಟು ಮಾತ್ರ ಕರೆಂಟನ್ನು ಸಲೀಸಾಗಿ ಹರಿಸುತ್ತದೆ, ತೇವಕ್ಕೆ ಬೇಗ ಕೆಡುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುವುದು ಅದರ ಗುರುತು. ಫ್ಯೂಸು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಲೇಬೇಕು. ಆಂಪಿನ ಪಕ್ಕದಲ್ಲಿ ಹಾಕಿದ ಫ್ಯೂಸು ಆಂಪನ್ನು ಕಾಯುತ್ತದೆ, ಕಾರನ್ನು ಕಾಯುವುದಿಲ್ಲ. ನಡುದಾರಿಯಲ್ಲಿ ತಂತಿಯ ಸಿಪ್ಪೆ ತಗಡಿಗೆ ಉಜ್ಜಿ ಹರಿದರೆ ಬ್ಯಾಟರಿಯ ಬಲವೆಲ್ಲ ಅಲ್ಲೇ ಉರಿಯುತ್ತದೆ. ಎಂಜಿನ್ನಿನ ಗೋಡೆಯನ್ನು ತಂತಿ ದಾಟುವ ತೂತಿಗೆ ರಬ್ಬರಿನ ಬಳೆ ಹಾಕುವುದು ಅದಕ್ಕೇ.

ಎಂಜಿನ್ ಏರಿದಂತೆ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದೂ ಏರಿದರೆ ಅದು ಆಲ್ಟರ್ನೇಟರಿನ ದನಿ. ಡೆಕ್ಕು ಒಂದು ಕಡೆ, ಆಂಪು ಇನ್ನೊಂದು ಕಡೆ ಅರ್ಥ್ ಆಗಿ, ನಡುವಿನ ಸಂಕೇತದ ತಂತಿಯಲ್ಲಿ ಕಳ್ಳ ಕರೆಂಟು ಹರಿಯುವುದರಿಂದ ಇದು ಹುಟ್ಟುತ್ತದೆ. ಬಣ್ಣ ಕೆರೆದ ಬರಿಯ ತಗಡಿಗೆ ಎರಡನ್ನೂ ಬಿಗಿಯಾಗಿ ಕೂಡಿಸಿ, ಕರೆಂಟಿನ ತಂತಿ ಕಾರಿನ ಒಂದು ಮಗ್ಗುಲಲ್ಲಿ, ಸಂಕೇತದ ತಂತಿ ಇನ್ನೊಂದು ಮಗ್ಗುಲಲ್ಲಿ ಓಡಿಸಿದರೆ ಹೋಗುತ್ತದೆ. ಇದನ್ನು ಪರೀಕ್ಷಿಸಲು ಅಬ್ಬರದ ಚಿತ್ರಗೀತೆ ಬೇಡ. ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ಆಲಾಪವೊಂದನ್ನು ಹಾಕಿ, ತಂಬೂರಿಯ ಹಿಂದೆ ಇನ್ನೊಂದು ಶ್ರುತಿ ಕೇಳುತ್ತದೆಯೇ ಎಂದು ಕಿವಿಗೊಟ್ಟರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಧಾರವಾಡದ ನೆರೆಯಲ್ಲಿ ಇರುವವರಿಗೆ ಪರೀಕ್ಷೆಯ ಈ ಉಪಕರಣಕ್ಕೆ ಬರವಿಲ್ಲ.

ಪ್ಲಸ್ಸು ಮೈನಸ್ಸು ತಿರುಗಿದ ಸ್ಪೀಕರು ಹಾಳಾಗುವುದಿಲ್ಲ, ಆದರೆ ಜೊತೆಯದು ಹೊರದಬ್ಬಿದ ಗಾಳಿಯನ್ನು ಅದು ಒಳಗೆಳೆದು ಬೇಸನ್ನು ನುಂಗುತ್ತದೆ. ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ಲನ್ನು ತಂತಿಗೆ ತಾಗಿಸಿದಾಗ ಶಂಕು ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್. ಇನ್ನು ಇಲಿ. ಅಡಕೆ, ಭತ್ತದ ಚೀಲ ಹೊತ್ತ ಗಾಡಿ ರಾತ್ರಿ ಕೊಟ್ಟಿಗೆಯ ಪಕ್ಕ ನಿಂತರೆ ತಂತಿಯ ಸಿಪ್ಪೆ ಅದರ ಊಟ. ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆಯಲ್ಲಿ ತಂತಿ ಓಡಿಸಿದರೆ ಅದರ ಹಾವಳಿ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ಗಾಡಿಗೆ ತಕ್ಕಂತೆ

ಮಾರುತಿ 800ರ ಉತ್ಪಾದನೆ 2014ರ ಜನವರಿಯಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಸ್ಯಾಂಟ್ರೊ, ಇಂಡಿಕಾಗಳು 1998ರಲ್ಲಿ, ಆಲ್ಟೊ, ಬೊಲೆರೊಗಳು 2000ದಲ್ಲಿ ಬಂದವು. 800ರಲ್ಲಿ ಹಿಂಗಾಜಿನ ಕೆಳಗಿನ ಹಲಗೆಯ ಮೇಲೆ ಮೊಟ್ಟೆಯಾಕಾರದ 6×9 ಇಂಚಿನ ಸ್ಪೀಕರು ಕೂರಿಸುವುದು ಒಂದು ಕಾಲದ ವೈಭವ. ಸದ್ದು ಬರುವುದು ಬೆನ್ನಿನಿಂದ, ಹಾಡುಗಾರ ಹಿಂದಿನ ಸೀಟಿನಲ್ಲಿ ಕುಳಿತಂತೆ. ಆದರೂ ಆ ದೊಡ್ಡ ಶಂಕು ಪ್ರತ್ಯೇಕ ವೂಫರಿನ ಖರ್ಚು ಉಳಿಸುತ್ತದೆ. ಬರಿಯ ಕಾರ್ಡ್‌ಬೋರ್ಡಿನ ಹಲಗೆಗೆ ಅದನ್ನು ಕಟ್ಟಿದರೆ ಹಲಗೆಯೇ ಹಾಡುತ್ತದೆ, ಅರ್ಧ ಇಂಚಿನ ಪ್ಲೈವುಡ್ ಬೇಕು. ಪ್ಲೈವುಡ್ಡಿಗೂ ಬಡಗಿಗೂ ಹಳಿಯಾಳ, ದಾಂಡೇಲಿಯಲ್ಲಿ ಅಲೆಯಬೇಕಿಲ್ಲ.

ಪುಟ್ಟ ಕಾರಿನಲ್ಲಿ ವೂಫರಿಗೆ ಪ್ರಕೃತಿಯ ಸಹಾಯವೊಂದಿದೆ. ಕಾರಿನ ಒಳಗಿನ ಉದ್ದಕ್ಕಿಂತ ಅಲೆಯ ಅರ್ಧ ಉದ್ದವಾದಾಗ ಗಾಳಿಯೆಲ್ಲ ಒಟ್ಟಿಗೇ ಒತ್ತಿಸಿಕೊಂಡು ಬೇಸು ತಾನಾಗಿ ಏರುತ್ತದೆ. ಒಳಗಿನ ಉದ್ದ 2 ಮೀಟರಾದರೆ ಈ ಏರಿಕೆ ಸುಮಾರು 85 ಹರ್ಟ್ಸಿನ ಕೆಳಗೆ ಶುರು. ಮನೆಯ ಕೋಣೆಯಲ್ಲಿ ಹನ್ನೆರಡು ಇಂಚಿನ ವೂಫರ್ ಮಾಡುವ ಕೆಲಸವನ್ನು ಆಲ್ಟೊದಲ್ಲಿ ಎಂಟು ಇಂಚಿನದು ಮಾಡೀತು. ಸೀಟಿನಡಿ ತೂರಿಸುವ ಚಪ್ಪಟೆ ವೂಫರು, ಒಳಗೇ ಆಂಪ್ ಇರುವಂಥದು, ಡಿಕ್ಕಿಯ ಜಾಗ ಉಳಿಸುತ್ತದೆ. ಓಮ್ನಿಗೆ ಇದು ನಡೆಯದು, ಅದರ ಎಂಜಿನ್ನೇ ಮುಂದಿನ ಸೀಟಿನಡಿ ಕುಳಿತಿದೆ. ಶಾಖಕ್ಕೆ ವೂಫರು ಬೇಯುತ್ತದೆ; ಅದರಲ್ಲಿ ಏನಿದ್ದರೂ ಹಿಂದೆ. ಸುಮೊ, ಬೊಲೆರೊಗಳಂಥ ಡೀಸೆಲ್ ಗಾಡಿಗಳಲ್ಲಿ ಜಾಗ ಧಾರಾಳ, ಸದ್ದೂ ಧಾರಾಳ. ಬೀಡಿಂಗು, ನೆಲಹಾಸಿಗೆ ಖರ್ಚು ಮಾಡದೆ ಸ್ಪೀಕರಿಗೆ ಖರ್ಚು ಮಾಡುವುದು ಸಂತೆಯಲ್ಲಿ ಪಿಸುಮಾತು ಆಡಿದಂತೆ.

ಪುಟ್ಟ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಗಂಟೆಯದು. ಕಾಳಿಯ ದಂಡೆಯಲ್ಲಿ ಎಂಜಿನ್ ಆರಿಸಿ, ಬಾಗಿಲು ತೆರೆದು, 10 ಆಂಪಿಯರ್ ಎಳೆಯುವ ಆಂಪಿನಲ್ಲಿ ಹಾಡು ಹಾಕಿದರೆ ಎರಡು ಗಂಟೆಯೊಳಗೆ ಬ್ಯಾಟರಿ ಅರ್ಧಕ್ಕಿಳಿಯುತ್ತದೆ. ಬ್ಯಾಟರಿಯೂ ಹಳೆಯದಾದರೆ ಸಂಜೆ ಎಲ್ಲರೂ ಸೇರಿ ಗಾಡಿ ತಳ್ಳಬೇಕಾಗುತ್ತದೆ.

ಕಾನೂನು ಮತ್ತು ನೆರೆಹೊರೆ

ಡೆಕ್ ಬದಲಿಸಿದರೆ ಆರ್.ಸಿ.ಯ ವಿವರ ಬದಲಾಗದು, ಹಾಗಾಗಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮಾರ್ಪಾಡಿನ ತೊಡಕು ಇದಕ್ಕಿಲ್ಲ. ಸದ್ದಿಗೆ ಮಾತ್ರ ಮಿತಿಯಿದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದೂ, ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತಲ ನಿಶ್ಶಬ್ದ ವಲಯಕ್ಕೆ 50 ಮತ್ತು 40 ಎಂದೂ ಗೊತ್ತುಮಾಡಿವೆ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ವಿಮೆಯವರಿಗೆ ತಿಳಿಸಿ ಹೆಚ್ಚುವರಿ ಕಂತು ತುಂಬಿದರೆ ಹೊಸ ಉಪಕರಣಕ್ಕೂ ರಕ್ಷಣೆ ಸಿಗುತ್ತದೆ. ಬರಿಯ ಥರ್ಡ್ ಪಾರ್ಟಿ ವಿಮೆಯಿರುವ ಗಾಡಿಗೆ ಆ ಮಾತಿಲ್ಲ.

ಈ ಸೀಮೆಯಲ್ಲಿ ಗಾಡಿಯ ಸದ್ದಿನ ಪಾರಮ್ಯ ಕಾರಿನದಲ್ಲ, ಕಬ್ಬಿನ ಟ್ರ್ಯಾಕ್ಟರಿನದು. ಹಳಿಯಾಳದ ಕಡೆ ಕಟಾವಿನ ಕಾಲದಲ್ಲಿ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು. ಹಿಂದಿನ ಗಾಡಿಯ ಹಾರ್ನು ಚಾಲಕನಿಗೆ ಕೇಳುವುದಿಲ್ಲ ಎಂಬುದು ಉತ್ತರ ಕರ್ನಾಟಕದಾದ್ಯಂತ ಹಳೆಯ ದೂರು. ಇನ್ನೊಂದು ತುದಿಯಲ್ಲಿ, 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಾದ ಕಾಡು. ಅದರ ಅಂಚಿನ ರಸ್ತೆಯಲ್ಲಿ ಹಾಡು ಆರಿಸಿ, ಗಾಜಿಳಿಸಿದವರಿಗೆ ಮಂಗಟ್ಟೆ ಹಕ್ಕಿಯ ರೆಕ್ಕೆಸದ್ದು ಕೇಳುತ್ತದೆ. ಹತ್ತಿರ ಬರುವ ರೈಲಿನ ಹಾಗೆ ಅದು ಮೊದಲು ಕಿವಿಗೆ ಬಿದ್ದು ಆಮೇಲೆ ಕಣ್ಣಿಗೆ ಬೀಳುತ್ತದೆ. ಮುಂಡಗೋಡದ ಹತ್ತಿರ 1966ರಿಂದ ಇರುವ ಟಿಬೆಟನ್ ನೆಲೆಯ ಡ್ರೆಪುಂಗ್, ಗಾಂಡೆನ್ ಮಠಗಳ ಒಳದಾರಿಗಳಲ್ಲೂ ಗುಂಡಿಯನ್ನು ಎಡಕ್ಕೆ ತಿರುಗಿಸುವುದೇ ಮರ್ಯಾದೆ.

ಹಳೆಯ ಮಾಲು

ಗುಜರಿಗೆ ಹೋಗುವ ಕಾರುಗಳಿಂದ ಕಳಚಿದ ಕಂಪನಿ ಡೆಕ್ಕು, ಸ್ಪೀಕರುಗಳು ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಕಂಪನಿಯಿಂದಲೇ ಬಂದ ಡೆಕ್ಕಾದರೆ ಗುಪ್ತಸಂಖ್ಯೆ ಕೇಳುವುದುಂಟು. ಸಂಖ್ಯೆ ಬರೆದ ಚೀಟಿಯಿಲ್ಲದೆ ಕೊಂಡರೆ ಅದು ಬರಿಯ ತೂಕದ ಡಬ್ಬಿ. ಸ್ಪೀಕರನ್ನು ಕೊಳ್ಳುವಾಗ ಶಂಕುವನ್ನು ಎರಡು ಬದಿಯಿಂದ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಬೇಕು. ಒಳಗೆ ಕರಕರ ಎಂದರೆ ಸುರುಳಿ ಉಜ್ಜುತ್ತಿದೆ, ಬಿಡಬೇಕು. ಆಂಪಿನ ಮೇಲೆ ಸಾವಿರಾರು ವ್ಯಾಟ್ ಎಂದು ಬರೆದು 20 ಆಂಪಿಯರಿನ ಫ್ಯೂಸು ಹಾಕಿದ್ದರೆ ಫ್ಯೂಸನ್ನು ನಂಬಬೇಕು: 14 ವೋಲ್ಟಿಗೆ 20 ಆಂಪಿಯರ್ ಎಂದರೆ ಒಳಬರುವುದೇ 280 ವ್ಯಾಟ್, ಹೊರಬರುವುದು ಅದಕ್ಕೂ ಕಡಿಮೆ.

ಹಳೆಯ ಕ್ಯಾಸೆಟ್ ಡೆಕ್ಕನ್ನು ಕಿತ್ತು ಎಸೆಯದವರೂ ಇದ್ದಾರೆ. ಪೆನ್‌ಡ್ರೈವಿಗೆ ಇಳಿಯದೇ ಉಳಿದ ಪ್ರಸಂಗ, ಮದುವೆಯಲ್ಲಿ ಹಿಡಿದ ಹಾಡು, ಸಿದ್ದಿಯರ ಡಮಾಮಿ ಕುಣಿತದ ಧ್ವನಿಮುದ್ರಣ, ತೀರಿಹೋದ ಹಿರಿಯರ ಮಾತು ಇರುವ ಕ್ಯಾಸೆಟ್ಟುಗಳು ಮನೆಗಳಲ್ಲಿವೆ. ಮಳೆನಾಡಿನ ತೇವಕ್ಕೆ ಅವುಗಳ ಪಟ್ಟಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕೂರುತ್ತದೆ. ಅದನ್ನು ಹಾಗೇ ಓಡಿಸಿದರೆ ಡೆಕ್ಕಿನ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸುತ್ತಿರಬೇಕು. ಡೆಕ್ಕಿನೊಳಗಿನ ಸಣ್ಣ ಬೆಲ್ಟು ವಯಸ್ಸಾದಂತೆ ಸಡಿಲಿ ಕೊನೆಗೆ ಕರಿ ಅಂಟಾಗಿ ಕರಗುತ್ತದೆ. ಅಳತೆ ಕೊಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹೊಸದು ಸಿಗುತ್ತದೆ. ಅದು ಬರುವವರೆಗೆ ಎಂದು ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿ ಓಡಿಸುವವರಿದ್ದಾರೆ. ಹಾಗೆ ಓಡಿಸಿದರೆ ಭಾಗವತರ ಶ್ರುತಿ ಬಿಳಿ ಎರಡರಿಂದ ಕಪ್ಪು ಎರಡಕ್ಕೆ ಏರಿ, ಬೆಲ್ಟು ಜಾರಿದಾಗ ಮತ್ತೆ ಇಳಿಯುತ್ತದೆ.